ಫೀನಿಕ್ಸ್ ಕಣಿವೆಯ ಗಾಳಿ: ಋತುಮಾನದ ಮಾಲಿನ್ಯದ ಚರಿತ್ರೆ

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸಿಗೆ ಮೊದಲು ಹೆಸರು ಬಂದದ್ದು ಅದರ ಗಾಳಿಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಷಯರೋಗಕ್ಕೆ ಮದ್ದಿರಲಿಲ್ಲ. ಒಣಹವೆ, ಬಿಸಿಲು, ವಿಶ್ರಾಂತಿ, ಇಷ್ಟೇ ವೈದ್ಯರು ಹೇಳುತ್ತಿದ್ದ ಚಿಕಿತ್ಸೆ. ಪೂರ್ವದ ರಾಜ್ಯಗಳ ರೋಗಿಗಳು ರೈಲು ಹತ್ತಿ ಸೊನೋರನ್ ಮರುಭೂಮಿಗೆ ಬಂದರು. ಕಾಸಿದ್ದವರು ಆರೋಗ್ಯಧಾಮ ಸೇರಿದರು. ಇಲ್ಲದವರು ಊರಿನ ಉತ್ತರಕ್ಕಿರುವ ಸನ್ನಿಸ್ಲೋಪಿನ ಬಯಲಿನಲ್ಲಿ ಡೇರೆ ಹಾಕಿಕೊಂಡರು. ಊರು ಆಮೇಲೂ ಬೆಳೆಯುತ್ತಲೇ ಹೋಯಿತು: 1950ರಲ್ಲಿ ಸುಮಾರು 1,07,000 ಇದ್ದ ಜನಸಂಖ್ಯೆ 2020ರ ಜನಗಣತಿಯಲ್ಲಿ 16 ಲಕ್ಷ ದಾಟಿತ್ತು. ಇದೇ ಎಪ್ಪತ್ತು ವರ್ಷಗಳಲ್ಲಿ ಊರಿನ ಗಾಳಿ ಕೆಟ್ಟಿತು. ಆದರೆ ಅದು ವರ್ಷವಿಡೀ ಒಂದೇ ಬಗೆಯಲ್ಲಿ ಕೆಡುವುದಿಲ್ಲ. ಚಳಿಗಾಲದ ವಿಷ ಒಂದು, ಬೇಸಿಗೆಯದು ಇನ್ನೊಂದು. ಒಂದೊಂದರ ಚರಿತ್ರೆಯೂ ಬೇರೆ. ವಾರ್ಷಿಕ ಸರಾಸರಿಗಳನ್ನಷ್ಟೇ ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಊರು ಇರುವುದು ಸಾಲ್ಟ್ ನದಿಯ ಕಣಿವೆಯಲ್ಲಿ, ಸುತ್ತ ಬೆಟ್ಟಗಳು. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣಿಯುತ್ತದೆ. ತಂಪಾದ ಗಾಳಿ ತಳದಲ್ಲಿ ನಿಂತು, ಬೆಚ್ಚನೆಯ ಪದರ ಅದರ ಮೇಲೆ ಕೂರುತ್ತದೆ. ಭೂಗೋಳದ ಪಠ್ಯಗಳಲ್ಲಿ ಬರುವ ಉಷ್ಣಾಂಶದ ವಿಲೋಮತೆ ಇದೇ. ಹೊಗೆಗೆ ಮೇಲೇರುವ ದಾರಿಯೇ ಇರುವುದಿಲ್ಲ. 1970, 80ರ ದಶಕಗಳಲ್ಲಿ ಈ ಪದರದಡಿ ಮುಖ್ಯವಾಗಿ ಸಿಕ್ಕಿಬೀಳುತ್ತಿದ್ದುದು ವಾಹನಗಳ ಕಾರ್ಬನ್ ಮೊನಾಕ್ಸೈಡ್. ಈ ಅನಿಲದ ಮಟ್ಟಿಗೆ ಊರು ಗೆದ್ದಿತೆನ್ನಬಹುದು. 1975ರ ಮಾದರಿಯಿಂದ ಹೊಸ ಕಾರುಗಳಿಗೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್, ಕಡ್ಡಾಯ ಹೊಗೆ ತಪಾಸಣೆ, ಚಳಿಗಾಲಕ್ಕೆಂದೇ ಆಮ್ಲಜನಕಯುಕ್ತ ಪೆಟ್ರೋಲು, ಇವೆಲ್ಲ ಸೇರಿ ಕೆಲಸ ಮಾಡಿದವು. 2005ರಲ್ಲಿ ಒಕ್ಕೂಟದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಈ ಅನಿಲದ ವಿಷಯದಲ್ಲಿ ಫೀನಿಕ್ಸ್ ಮಿತಿಯೊಳಗೆ ಬಂದಿದೆಯೆಂದು ಘೋಷಿಸಿತು. ಉಳಿದದ್ದು ಸೂಕ್ಷ್ಮಕಣಗಳ ಕಾಟ. ಹಬ್ಬದ ರಾತ್ರಿಗಳಲ್ಲಿ ಮನೆಯ ಅಗ್ಗಿಷ್ಟಿಕೆಗಳಲ್ಲಿ ಉರಿಸುವ ಸೌದೆ, ಹೊಸವರ್ಷದ ಪಟಾಕಿ ಇದಕ್ಕೆ ಕಾರಣ. ಗಾಳಿಯಾಡದ ದಿನಗಳಲ್ಲಿ, ಫೀನಿಕ್ಸ್ ಸೇರಿರುವ ಮಾರಿಕೋಪಾ ಕೌಂಟಿ ಸೌದೆ ಉರಿಸುವುದನ್ನೇ ನಿಷೇಧಿಸುತ್ತದೆ.

ಮಳೆಗಾಲದ ಧೂಳು ಜಗತ್ತಿಗೆಲ್ಲ ಗೊತ್ತಿರುವ ಚಿತ್ರ. ಗುಡುಗುಮೋಡ ಕುಸಿದಾಗ ತಣ್ಣನೆಯ ಗಾಳಿ ರಭಸದಿಂದ ನೆಲಕ್ಕಪ್ಪಳಿಸಿ, ಸುತ್ತ ಹರಡುತ್ತಾ ಮಣ್ಣನ್ನು ಗೋಡೆಯಂತೆ ಎಬ್ಬಿಸುತ್ತದೆ. ಸುಡಾನಿನ 'ಹಬೂಬ್' ಎಂಬ ಧೂಳುಬಿರುಗಾಳಿಗಳೊಡನೆ ಇವುಗಳಿಗಿರುವ ಹೋಲಿಕೆಯನ್ನು ಸಂಶೋಧಕ ಶೆರ್ವುಡ್ ಇಡ್ಸೊ ಮತ್ತು ಸಹಲೇಖಕರು 1972ರಲ್ಲಿ ಅಮೆರಿಕದ ಹವಾಮಾನ ಸಂಘದ ಪತ್ರಿಕೆಯಲ್ಲಿ ವಿವರಿಸಿದರು. 2011ರ ಜುಲೈ 5ರ ಸಂಜೆ ಬಂದ ಬಿರುಗಾಳಿ ಒಂದೂವರೆ ಕಿಲೋಮೀಟರಿಗೂ ಎತ್ತರವಿತ್ತು, ಅದರ ಮುಂಭಾಗದ ಅಗಲ ಸುಮಾರು 160 ಕಿ.ಮೀ. ಆದರೆ ಇಪಿಎಯ 2007ರ ಒಂದು ನಿಯಮದ ಪ್ರಕಾರ ಇಂಥ 'ಅಸಾಧಾರಣ ಘಟನೆ'ಗಳ ಅಳತೆಯನ್ನು ಮಿತಿಯ ಲೆಕ್ಕದಿಂದ ಬಿಡಬಹುದು; 2011ರ ಹಲವು ಧೂಳುದಿನಗಳು ಹಾಗೆಯೇ ಕಡತದಿಂದ ಹೊರಗುಳಿದವು. ಇದು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬಿರುಗಾಳಿ ಪ್ರಕೃತಿಯದು, ನಿಜ. ಆದರೆ ಟುಸಾನ್ ನಗರದ ಕಡೆ ಬೀಳುಬಿಟ್ಟ ಹತ್ತಿಹೊಲಗಳು, ಅಗೆದು ಹಾಗೇ ಬಿಟ್ಟ ನಿವೇಶನಗಳು ಮನುಷ್ಯರದೇ. ಮರುಭೂಮಿಯ ನೆಲಕ್ಕೆ ತನ್ನದೇ ಒಂದು ಗಟ್ಟಿ ಹೆಪ್ಪಿರುತ್ತದೆ. ಅದನ್ನು ಒಡೆದ ಮೇಲೆ ಸಣ್ಣ ಗಾಳಿಗೂ ಮಣ್ಣು ಏಳುತ್ತದೆ. ಆ ಮಣ್ಣಿನಲ್ಲಿ ಶ್ವಾಸಕೋಶಕ್ಕೆ ತಗಲುವ 'ವ್ಯಾಲಿ ಫೀವರ್' ರೋಗದ ಶಿಲೀಂಧ್ರವೂ ಇರುತ್ತದೆ. ಕ್ಷಯ ಗುಣವಾಗಲೆಂದು ಜನ ಅರಸಿ ಬಂದ ನೆಲದಲ್ಲೇ ಈ ರೋಗವೂ ಇತ್ತು ಎಂಬುದು ಮನಸ್ಸನ್ನು ಕಲಕುವ ಸಂಗತಿ.

ಧೂಳು ಕಣ್ಣಿಗೆ ಬೀಳುತ್ತದೆ, ಓಝೋನ್ ಬೀಳುವುದಿಲ್ಲ. ವಾಹನಗಳ ನೈಟ್ರೋಜನ್ ಆಕ್ಸೈಡುಗಳು ಬೇಗ ಆವಿಯಾಗುವ ಸಾವಯವ ಸಂಯುಕ್ತಗಳೊಡನೆ ಬಿಸಿಲಿನಲ್ಲಿ ಬೆರೆತು ಅದು ಹುಟ್ಟುತ್ತದೆ. ಮಾರ್ಚ್ ಕಳೆದು ಬಿಸಿಲು ಏರಿದಂತೆ ಅದೂ ಏರುತ್ತದೆ. ತೀವ್ರವಾಗುವುದು ಮಧ್ಯಾಹ್ನದ ನಂತರ, ಆಕಾಶ ಶುಭ್ರವಾಗಿರುವಾಗ. ಹಗಲಿನ ಪಡುವಣ ಗಾಳಿ ಅದನ್ನು ಊರಿನ ಪೂರ್ವ, ಈಶಾನ್ಯದ ಬೆಟ್ಟಗಳ ಕಡೆ ಒಯ್ಯುವುದರಿಂದ, ಸಂಚಾರ ಕಡಿಮೆಯಿರುವ ಅಂಚಿನ ಬಡಾವಣೆಗಳಲ್ಲೂ ಅಳತೆ ಹೆಚ್ಚು ಬರುವುದುಂಟು. ಕಾಡ್ಗಿಚ್ಚಿನ ಹೊಗೆ, ಕ್ಯಾಲಿಫೋರ್ನಿಯಾದಿಂದ ತೇಲಿಬರುವ ಮಾಲಿನ್ಯ ಇದಕ್ಕೆ ಕೂಡಿಕೊಳ್ಳುತ್ತವೆ. ಒಂದು ಯಂತ್ರಭಾಗ, ಒಂದು ಇಂಧನ ಬದಲಿಸಿದರೆ ತಗ್ಗುವ ವಿಷ ಇದಲ್ಲ.

ಹಾಗಾಗಿ ಫೀನಿಕ್ಸಿನ ಗಾಳಿಯ ಚರಿತ್ರೆ ಬರೆಯುವವರು ಹಬೂಬ್‌ನ ಚಿತ್ರಗಳಿಗಿಂತ ಜೂನ್ ತಿಂಗಳ ತಿಳಿಯಾದ ಮಧ್ಯಾಹ್ನಗಳಿಗೆ ಹೆಚ್ಚು ಪುಟ ಕೊಡಬೇಕು ಎಂಬುದು ನನ್ನ ನಿಲುವು. 2015ರಲ್ಲಿ ಓಝೋನಿನ ಮಿತಿಯನ್ನು ನೂರು ಕೋಟಿಗೆ 70 ಭಾಗಕ್ಕೆ ಇಳಿಸಿದ ಮೇಲೆ, 2018ರಲ್ಲಿ ಫೀನಿಕ್ಸ್ ಪ್ರದೇಶವನ್ನು ಮಿತಿ ಮೀರಿದ ಪ್ರದೇಶಗಳ ಅತಿ ಕಡಿಮೆ ತೀವ್ರತೆಯ ವರ್ಗಕ್ಕೆ ಸೇರಿಸಲಾಯಿತು. ಗಡುವಿನೊಳಗೆ ಸುಧಾರಣೆ ಆಗಲಿಲ್ಲ. 2022ರಲ್ಲಿ ಅದನ್ನು ಮೇಲಿನ 'ಮಧ್ಯಮ' ವರ್ಗಕ್ಕೆ ಏರಿಸಲಾಯಿತು.