ತೆರೆಯ ಮೇಲೆ ಎರಡು ಬಗೆಯ ಮನೆ: 1955ರ ಅಮೆರಿಕ

ಅಮೆರಿಕದ ಸಿನಿಮಾ, ಧಾರಾವಾಹಿ ನೋಡಿದವರು ಅಲ್ಲಿನ ಸಂಸಾರದ ಬಗ್ಗೆ ಕೂಡಲೇ ತೀರ್ಪು ಕೊಟ್ಟುಬಿಡುತ್ತಾರೆ. ಮಕ್ಕಳು ಹಿರಿಯರ ಮಾತು ಕೇಳುವುದಿಲ್ಲ, ಮನೆಯೆಂದರೆ ಅವರಿಗೆ ಬರೀ ಲಾಡ್ಜು ಎನ್ನುತ್ತಾರೆ. ಪ್ರಿಯ ವಿದ್ಯಾರ್ಥಿಗಳೇ, ಈ ಮಾತನ್ನು ನೀವೂ ಕೇಳಿರಬಹುದು. ಅದನ್ನು ಒಪ್ಪುವ ಮುನ್ನ 1955ನೆಯ ಇಸವಿಯತ್ತ ಒಮ್ಮೆ ನೋಡಿ. ಆ ವರ್ಷ ಆ ದೇಶದ ಟಿ.ವಿ. ಒಂದು ಬಗೆಯ ಮನೆಯನ್ನು ತೋರಿಸುತ್ತಿತ್ತು, ಸಿನಿಮಾ ಇನ್ನೊಂದು ಬಗೆಯದನ್ನು.

1950ರಲ್ಲಿ ಅಲ್ಲಿನ ನೂರು ಮನೆಗಳ ಪೈಕಿ ಸುಮಾರು 9ರಲ್ಲಿ ಟಿ.ವಿ. ಇತ್ತು, 1960ರ ವೇಳೆಗೆ ಸುಮಾರು 87ರಲ್ಲಿ. 1954ರಲ್ಲಿ ಶುರುವಾದ 'ಫಾದರ್ ನೋಸ್ ಬೆಸ್ಟ್' ಧಾರಾವಾಹಿಯ ಹೆಸರಿನ ಅರ್ಥವೇ 'ಅಪ್ಪನಿಗೇ ಚೆನ್ನಾಗಿ ಗೊತ್ತು' ಎಂದು. ವಿಮಾ ಏಜೆಂಟನಾದ ತಂದೆ ಮೂವರು ಮಕ್ಕಳ ತಂಟೆಯನ್ನು ಅರ್ಧ ಗಂಟೆಯಲ್ಲಿ ಬಗೆಹರಿಸುತ್ತಾನೆ. ಜಾಹೀರಾತಿನ ಹಣದಿಂದ ನಡೆಯುವ ಕಾರ್ಯಕ್ರಮವಾದ್ದರಿಂದ ಯಾರಿಗೂ ಕಸಿವಿಸಿಯಾಗಬಾರದು. ಇಂತಹ ಧಾರಾವಾಹಿಗಳ ನಡುಮನೆಯಲ್ಲಿ ಕಪ್ಪು ವರ್ಣೀಯರ ಸಂಸಾರ ಕಾಣುತ್ತಿರಲಿಲ್ಲ. ಆ ತಂದೆಯ ಪಾತ್ರ ಮಾಡಿದ ರಾಬರ್ಟ್ ಯಂಗ್ ತಮ್ಮ ಖಿನ್ನತೆ ಮತ್ತು ಕುಡಿತದ ಬಗ್ಗೆ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು.

ಸಂಸಾರಸ್ಥರು ಟಿ.ವಿ. ಮುಂದೆ ಕುಳಿತಾಗ ಚಿತ್ರಮಂದಿರಗಳು ಖಾಲಿಯಾದವು. 1946ರಲ್ಲಿ ವಾರಕ್ಕೆ ಸುಮಾರು 9 ಕೋಟಿಯಿದ್ದ ಪ್ರೇಕ್ಷಕರ ಸಂಖ್ಯೆ ಹತ್ತೇ ವರ್ಷದಲ್ಲಿ ಅರ್ಧದಷ್ಟಾಯಿತು. ಉಳಿದವರಲ್ಲಿ ಯುವಕರೇ ಹೆಚ್ಚು. ನಿರ್ಮಾಪಕರು ಅವರ ಕಥೆಯನ್ನೇ ಹಿಡಿದರು. ಇದರಲ್ಲಿ ಕಳಕಳಿಯೂ ಇತ್ತು, ವ್ಯಾಪಾರವೂ ಇತ್ತು.

1955ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 'ರೆಬೆಲ್ ವಿದೌಟ್ ಎ ಕಾಸ್' ಚಿತ್ರದ ಹುಡುಗನಿಗೆ ಊಟ, ಬಟ್ಟೆ, ಕಾರು ಯಾವುದಕ್ಕೂ ಕೊರತೆಯಿಲ್ಲ. ತನ್ನ ಪ್ರಶ್ನೆಗೆ ನೇರವಾಗಿ ಉತ್ತರಿಸುವ ತಂದೆ ಮಾತ್ರ ಇಲ್ಲ. ಆ ಪಾತ್ರ ಮಾಡಿದ ಜೇಮ್ಸ್ ಡೀನ್ ಚಿತ್ರ ತೆರೆಕಾಣುವ ಮೊದಲೇ, ಸೆಪ್ಟೆಂಬರ್ 30ರಂದು, ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಕೇವಲ 24.

ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ 'ಬ್ಲ್ಯಾಕ್‌ಬೋರ್ಡ್ ಜಂಗಲ್' ನನ್ನಂತಹ ಮಾಸ್ತರರಿಗೆ ಹೆಚ್ಚು ಹತ್ತಿರದ್ದು. ನಗರದ ಒಂದು ಗಂಡುಮಕ್ಕಳ ವೃತ್ತಿಶಿಕ್ಷಣ ಶಾಲೆಗೆ ಹೊಸ ಇಂಗ್ಲಿಷ್ ಮೇಷ್ಟ್ರು ಬರುತ್ತಾರೆ. ಹುಡುಗರು ಅವರನ್ನು ಹೊಡೆಯುತ್ತಾರೆ, ಸಹೋದ್ಯೋಗಿಯೊಬ್ಬರು ಆಸೆಯಿಂದ ಕೂಡಿಸಿದ್ದ ಗ್ರಾಮಫೋನ್ ರೆಕಾರ್ಡುಗಳನ್ನು ಒಡೆದು ಹಾಕುತ್ತಾರೆ. ಕೊನೆಗೆ ಮೇಷ್ಟ್ರು ತರಗತಿಯಲ್ಲಿ ಒಂದು ಕಾರ್ಟೂನ್ ಚಿತ್ರ ಹಾಕಿ ತೋರಿಸುತ್ತಾರೆ. ಅದರ ಮೇಲೆ ಚರ್ಚೆ ಶುರುವಾಗಿ ಹುಡುಗರು ಬಾಯಿಬಿಡುತ್ತಾರೆ. ಬಿ.ಇಡ್. ತರಗತಿಯಲ್ಲಿ ಬೋಧನೋಪಕರಣಗಳ ಪಾಠ ಉರುಹೊಡೆದವರು ಈ ದೃಶ್ಯವನ್ನು ನೋಡಬೇಕು.

ಹಿರಿಯರಿಗೆ ಚಿತ್ರ ಹಿಡಿಸಲಿಲ್ಲ. ಅಟ್ಲಾಂಟಾದಲ್ಲಿ ನಿಷೇಧ ಹೇರಲಾಯಿತು. ಇಟಲಿಯಲ್ಲಿದ್ದ ಅಮೆರಿಕದ ರಾಯಭಾರಿ ಕ್ಲೇರ್ ಬೂತ್ ಲೂಸ್ ಆಕ್ಷೇಪಿಸಿದ್ದರಿಂದ ವೆನಿಸ್ ಚಿತ್ರೋತ್ಸವದಿಂದಲೂ ಅದು ಹಿಂದೆ ಸರಿಯಿತು. ಸೆನೆಟ್‌ನ ಉಪಸಮಿತಿ ಬಾಲಾಪರಾಧಕ್ಕೂ ಸಿನಿಮಾಕ್ಕೂ ಏನು ಸಂಬಂಧವೆಂದು ವಿಚಾರಣೆ ನಡೆಸಿತು. ದೇಶದ ಮಾನ ಹೋಗುತ್ತದೆಂಬ ಚಿಂತೆ ಬಹಳವಿತ್ತು. ಆ ಹುಡುಗರ ಶಾಲೆಯ ಚಿಂತೆ ಅಷ್ಟಿರಲಿಲ್ಲವೆಂದೇ ನನ್ನ ಅನಿಸಿಕೆ.

ಟಿ.ವಿ.ಯ ನಡುಮನೆಯಲ್ಲಿ ಕಾಣದಿದ್ದವರಿಗೆ ಈ ಚಿತ್ರದ ತರಗತಿಯಲ್ಲಿ ಒಂದು ಬೆಂಚು ಸಿಕ್ಕಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರ ಮೇ 17ರಂದಷ್ಟೇ ತೀರ್ಪು ಕೊಟ್ಟಿತ್ತು. ಚಿತ್ರದಲ್ಲಿ ಮಿಲ್ಲರ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿಯೇ ಕೊನೆಗೆ ಮೇಷ್ಟ್ರ ಪರವಾಗಿ ಎದ್ದು ನಿಲ್ಲುತ್ತಾನೆ. ಆ ಪಾತ್ರ ಮಾಡಿದವರು ಸಿಡ್ನಿ ಪೊಯ್ಟಿಯೆ. ಹನ್ನೆರಡು ವರ್ಷಗಳ ನಂತರ, 1967ರ 'ಟು ಸರ್, ವಿತ್ ಲವ್' ಚಿತ್ರದಲ್ಲಿ, ಲಂಡನ್ನಿನ ಒಂದು ಬಡ ಶಾಲೆಯ ಕಪ್ಪುಹಲಗೆಯ ಮುಂದೆ ಮೇಷ್ಟ್ರಾಗಿ ನಿಂತವರೂ ಅವರೇ.