ಬೆಳಗಾವಿಯಿಂದ ವಿಜಾಪುರಕ್ಕೆ: ವಚನ ಮುದ್ರಣದ ಸ್ಥಳಾಂತರ

ಶರಣರ ವಚನಗಳು ತಾಡವೋಲೆಯಿಂದ ಕಾಗದಕ್ಕೆ ಇಳಿದ ಕಥೆ ಬಂದಾಗಲೆಲ್ಲ ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳ ಕಟ್ಟುಗಳನ್ನು ಸಂಗ್ರಹಿಸಿದುದನ್ನು ಭಕ್ತರು ಗೌರವದಿಂದ ನೆನೆಯುತ್ತಾರೆ. ಆ ಓಲೆಗಳು ಅಚ್ಚಾದದ್ದು ಎಲ್ಲಿ, ಅಚ್ಚಿನ ಕೆಲಸ ಒಂದು ಊರನ್ನು ಬಿಟ್ಟು ಇನ್ನೊಂದು ಊರಿಗೆ ಏಕೆ ಬಂದಿತು ಎಂಬುದರ ಕಡೆಗೆ ಅಷ್ಟು ಗಮನ ಹರಿದಿಲ್ಲ. ವಚನ ವಾಙ್ಮಯದ ಚರಿತ್ರೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಇಂದು ಬೆಂಗಳೂರಿನ ತಿಲಕ್ ನಗರದಂತಹ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು ಪುಸ್ತಕ ಪ್ರಕಟಿಸುವವರು ಊರು ಬದಲಿಸಬೇಕಾದರೆ ಗಣಕಯಂತ್ರವನ್ನೂ ಮಾರಾಟವಾಗದೆ ಉಳಿದ ಪ್ರತಿಗಳನ್ನೂ ಸಾಗಿಸಿದರೆ ಬಹುಮಟ್ಟಿಗೆ ಸಾಕು. ಮುದ್ರಿಸುವವರು ಬೇರೆ ಊರಿನಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಹಾಗಿರಲಿಲ್ಲ. ಅಚ್ಚುಕೂಟ ಎಲ್ಲಿತ್ತೋ ಪ್ರಕಾಶನವೂ ಅಲ್ಲಿಯೇ ನೆಲೆಸಬೇಕಾಗಿತ್ತು. ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವೇ ಇದಕ್ಕೆ ಸಾಕ್ಷಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಆರಂಭಿಸಿದ ಆ ಪತ್ರಿಕೆ, ವರ್ಷ ತುಂಬುವ ಮೊದಲೇ, 1844ರಲ್ಲಿ, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಯಿತು. ಹೋದದ್ದೇ ತನ್ನ ಹೆಸರನ್ನೂ ‘ಕನ್ನಡ ಸಮಾಚಾರ’ ಎಂದು ಬದಲಿಸಿಕೊಂಡಿತು. ಅಚ್ಚುಕೂಟವಿದ್ದ ಊರನ್ನು ಪತ್ರಿಕೆ ಹುಡುಕಿಕೊಂಡು ಹೋದ ಪ್ರಸಂಗವಿದು. ಎಂಬತ್ತು ವರ್ಷಗಳ ಅನಂತರ ಹಳಕಟ್ಟಿಯವರು ಮಾಡಿದುದು ಇದಕ್ಕೆ ತೀರ ವಿರುದ್ಧವಾದುದು. ಓಲೆಗಳಿದ್ದ ಊರಿಗೆ ಅವರು ಅಚ್ಚುಕೂಟವನ್ನೇ ತಂದರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಓದಿ, 1904ರ ವೇಳೆಗೆ ವಕೀಲಿ ವೃತ್ತಿಯನ್ನು ಹಿಡಿದು ವಿಜಾಪುರಕ್ಕೆ ಬಂದು ನೆಲೆಸಿದರು. ಕಕ್ಷಿದಾರರ ಕಾಗದಪತ್ರಗಳ ಜೊತೆಗೇ ಅವರ ಮನೆಯಲ್ಲಿ ಓಲೆಯ ಕಟ್ಟುಗಳೂ ಬೆಳೆದವು. ಆಯ್ದ ವಚನಗಳನ್ನು ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿ ‘ವಚನಶಾಸ್ತ್ರಸಾರ’ವನ್ನು ಸಿದ್ಧಪಡಿಸಿದಾಗ ಅದನ್ನು ಅಚ್ಚು ಹಾಕಿಸುವುದೆಲ್ಲಿ ಎಂಬ ಚಿಂತೆ ಎದುರಾಯಿತು. ಮೊದಲು ಹಸ್ತಪ್ರತಿ ಹೋದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ. ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮೊದಲ ಭಾಗ ಅಚ್ಚಾಗಿ ಹೊರಬಂದಿತು.

ಪುಸ್ತಕವೇನೋ ಬಂದಿತು, ಆದರೆ ಆ ಏರ್ಪಾಡು ಮುಂದಿನ ಕಾರ್ಯಕ್ಕೆ ಸಾಲುವಂತಹುದಾಗಿರಲಿಲ್ಲ. ಆ ಕಾಲದ ಮುದ್ರಣದ ರೀತಿಯನ್ನು ಅರಿತರೆ ಇದು ಸ್ಪಷ್ಟವಾಗುತ್ತದೆ. ಮೊಳೆ ಜೋಡಿಸುವವನು ಒಂದೊಂದೇ ಅಕ್ಷರವನ್ನು, ಕೊಂಬು ಒತ್ತುಗಳ ಸಮೇತ, ಮರದ ಖಾನೆಗಳಿಂದ ಆರಿಸಿ ಸಾಲು ಕಟ್ಟಬೇಕು. ಕೆಲವು ಪುಟಗಳಾದೊಡನೆ ಕರಡು ತೆಗೆದು ಸಂಪಾದಕರಿಗೆ ಕಳುಹಿಸಬೇಕು. ತಿದ್ದುಪಡಿ ಹಿಂದಿರುಗಿ, ಪುಟಗಳು ಅಚ್ಚಾಗಿ, ಮೊಳೆಗಳು ಮತ್ತೆ ಖಾನೆಗಳಿಗೆ ಮರಳುವವರೆಗೆ ಆ ಸೀಸವೆಲ್ಲ ಕಟ್ಟುಬಿದ್ದಂತೆಯೇ. ಮೊಳೆಗಳ ಸಂಗ್ರಹ ಅಲ್ಪವಾಗಿದ್ದರೆ ಮುಂದಿನ ಪುಟಗಳ ಜೋಡಣೆಯೂ ನಿಲ್ಲುತ್ತದೆ. ಸಂಪಾದಕರು ವಿಜಾಪುರದಲ್ಲಿ, ಮೊಳೆಗಳು ಬೆಳಗಾವಿಯಲ್ಲಿ. ನಡುವೆ ಸುಮಾರು 200 ಕಿಲೋಮೀಟರು. ರೈಲಿನಲ್ಲಾದರೆ ಗದಗು, ಹುಬ್ಬಳ್ಳಿ, ಲೋಂಡಾ ಸುತ್ತಿಕೊಂಡು ಹೋಗಬೇಕು.

ಇದಕ್ಕಿಂತಲೂ ಗಹನವಾದ ತೊಡಕು ಓಲೆಗರಿಯಲ್ಲಿಯೇ ಇತ್ತು. ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲ, ಇಂದಿನ ಲೇಖನ ಚಿಹ್ನೆಗಳಿಲ್ಲ. ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದವನ್ನು ಲಿಪಿಕಾರರು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲವಾದ್ದರಿಂದ ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಒಂದೇ ರೂಪದಲ್ಲಿ ಕಾಣುತ್ತವೆ. ಇಂತಹಲ್ಲಿ ಅರ್ಥವನ್ನು ನಿರ್ಣಯಿಸಬೇಕಾದವರು ಸಂಪಾದಕರು. ಅವರು ಮೊಳೆ ಜೋಡಿಸುವವನ ಪಕ್ಕದಲ್ಲಿದ್ದು ಓಲೆಯನ್ನು ಮತ್ತೊಮ್ಮೆ ನೋಡಿ ಹೇಳಬಲ್ಲವರಾದರೆ ಪಾಠ ಉಳಿಯುತ್ತದೆ. ಇಲ್ಲವಾದರೆ ಅಚ್ಚಿನ ತಪ್ಪೇ ಶರಣರ ಮಾತಾಗಿ ನೂರಾರು ಪ್ರತಿಗಳಲ್ಲಿ ಹರಡುತ್ತದೆ. ಒಂದು ಪುಸ್ತಕಕ್ಕಾದರೆ ದೂರವನ್ನು ಸಹಿಸಬಹುದು. ಗೊತ್ತಾದ ಅವಧಿಗೆ ಹೊರಬರಲೇಬೇಕಾದ ನಿಯತಕಾಲಿಕೆಗೆ ಅದು ಅಸಾಧ್ಯ.

ಹೀಗೆ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆಯಿತು. ಅದಕ್ಕೆ ಬೇಕಾದ ಹಣ ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿದುದರಿಂದ ಬಂದಿತು. ವಕೀಲರಾಗಿ ಹೆಸರು ಮಾಡಿದ್ದ, ಮಕ್ಕಳೊಂದಿಗರಾದ ಗೃಹಸ್ಥರೊಬ್ಬರು ಸೂರನ್ನು ಮಾರಿ ಸೀಸವನ್ನು ಕೊಂಡರೆಂದರೆ ಆ ಮನೆಮಂದಿಗೆ ಹೇಗಾಗಿರಬೇಕು ಎಂಬುದನ್ನು ಅವರ ಚರಿತ್ರೆಗಳು ವಿವರವಾಗಿ ಹೇಳುವುದಿಲ್ಲ. ತ್ಯಾಗವೆಂಬ ಒಂದೇ ಮಾತಿನಲ್ಲಿ ದಾಟಿಬಿಡುತ್ತವೆ. ವ್ಯಾಪಾರದ ದೃಷ್ಟಿಯಿಂದಲೂ ಅದು ಸುಲಭದ ಆಯ್ಕೆಯಲ್ಲ. ವಿಜಾಪುರ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು, ವ್ಯವಹಾರದಲ್ಲಿ ಮರಾಠಿಯ ಪ್ರಾಬಲ್ಯವಿದ್ದಿತು. ಕನ್ನಡದ ಅಚ್ಚುಕೂಟಕ್ಕೆ ಧಾರವಾಡವೋ ಬೆಳಗಾವಿಯೋ ಹೆಚ್ಚು ಅನುಕೂಲವಾದ ಸ್ಥಳವಾಗಿತ್ತೆಂದು ಯಾವ ವ್ಯಾಪಾರಿಯೂ ಹೇಳುತ್ತಿದ್ದನು.

1926ರಲ್ಲಿ ‘ಶಿವಾನುಭವ’ ತ್ರೈಮಾಸಿಕ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು. ಮೋಗ್ಲಿಂಗರ ಪತ್ರಿಕೆ ಮೊಳೆಗಳನ್ನು ಅರಸಿ ಹೋಗಿದ್ದ ಊರೂ ಅದೇ ಬಳ್ಳಾರಿ. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಸೇರಿಕೊಂಡಿತು. ಯಂತ್ರ ಸುಮ್ಮನೆ ನಿಂತರೂ ಕೆಲಸಗಾರರ ಸಂಬಳ ನಿಲ್ಲುವುದಿಲ್ಲ. ವಾರಪತ್ರಿಕೆಯಿದ್ದರೆ ಅಚ್ಚುಕೂಟಕ್ಕೆ ಬಿಡುವಿಲ್ಲದ ಕೆಲಸ ದೊರೆಯುತ್ತದೆ. ಈ ಲೆಕ್ಕಾಚಾರವೂ ಅದರ ಹಿಂದೆ ಇದ್ದಿರಬೇಕೆಂದು ತೋರುತ್ತದೆ. ಲಾಭವಂತೂ ಹೇಳಿಕೊಳ್ಳುವಷ್ಟು ಬರಲಿಲ್ಲ. ಹಳಕಟ್ಟಿಯವರು ಬಾಡಿಗೆಯ ಮನೆಯಲ್ಲಿಯೇ ಬಾಳಿದರು.

ಸಿಕ್ಕ ಫಲ ಬೇರೆ ಬಗೆಯದು. ಓಲೆ, ಸಂಪಾದಕ, ಮೊಳೆ ಮೂರೂ ಒಂದೇ ಊರಿನಲ್ಲಿ ಕೂಡಿದ ಮೇಲೆ ಗ್ರಂಥಗಳು ಒಂದರ ಹಿಂದೊಂದು ಹೊರಬಂದವು. ಶರಣರ ವಚನಗಳು, ಶೂನ್ಯಸಂಪಾದನೆ, ಹರಿಹರನ ರಗಳೆಗಳು ಓದುಗರ ಕೈಸೇರಿದವು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದಿತೆಂದೂ ಹಳಕಟ್ಟಿಯವರಿಂದ ಆ ಸಂಖ್ಯೆ 250ಕ್ಕೆ ಏರಿತೆಂದೂ ವಿದ್ವಾಂಸರು ಹೇಳುತ್ತಾರೆ. ಊರಿನಲ್ಲಿ ಅಚ್ಚುಕೂಟವಿರದಿದ್ದರೆ ಅವರಲ್ಲಿ ಅನೇಕರು ಓಲೆಯ ಕಟ್ಟಿನಲ್ಲಿಯೇ ಇನ್ನಷ್ಟು ಕಾಲ ಕಾಯಬೇಕಾಗುತ್ತಿತ್ತು.

ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ವಿಜಾಪುರಕ್ಕೆ 2014ರಲ್ಲಿ ವಿಜಯಪುರವೆಂಬ ಹೆಸರಾಯಿತು. ಹಳಕಟ್ಟಿಯವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಲ್ಲಿ ಹೊರತಂದದ್ದು ಅದೇ ಊರಿನ ಬಿ.ಎಲ್.ಡಿ.ಇ. ಸಂಸ್ಥೆ, 1910ರಲ್ಲಿ ಅದನ್ನು ಕಟ್ಟಿದವರೂ ಅವರೇ.