ದೊಂಬರಾಟವೂ ಸರ್ಕಸ್ಸೂ

ಸರ್ಕಸ್ಸೆಂಬ ಮಾತು ನಮ್ಮ ನುಡಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಗಾಲದಲ್ಲಿ. ದೊಂಬರಾಟವೆಂಬುದು ಅದಕ್ಕಿಂತ ಎಷ್ಟೋ ಹಳೆಯ ಮಾತು. ಎರಡರಲ್ಲಿಯೂ ನಡೆಯುವ ಕೆಲಸ ಒಂದೇ: ಮನುಷ್ಯನು ತನ್ನ ದೇಹವನ್ನೇ ಪಣವಾಗಿಟ್ಟು, ಬೀಳಬೇಕಾದೆಡೆಯಲ್ಲಿ ಬೀಳದೆ ನಿಲ್ಲುವುದು. ಆದರೆ ಈ ಎರಡು ಮಾತುಗಳಿಗೆ ನಾವು ಸಲ್ಲಿಸುವ ಮರ್ಯಾದೆ ಮಾತ್ರ ಒಂದೇ ತೆರನಲ್ಲ. ಬಹಳ ಪ್ರಯಾಸದಿಂದ ಒಂದು ಕಾರ್ಯವನ್ನು ಸಾಧಿಸಿದವನು ‘ದೊಡ್ಡ ಸರ್ಕಸ್ ಮಾಡಬೇಕಾಯಿತು’ ಎಂದು ನಗುತ್ತ ಹೇಳಿಕೊಳ್ಳುತ್ತಾನೆ. ನಾಚಿಕೆಗೆಟ್ಟ ನಡತೆಯನ್ನು ಹಳಿಯಬೇಕಾದಾಗ ನಾಲಗೆಗೆ ಬರುವ ಮಾತು ‘ದೊಂಬರಾಟ’. ಈ ಭೇದವು ಹೇಗುಂಟಾಯಿತೆಂಬುದನ್ನು ಚಿಕ್ಕಬಳ್ಳಾಪುರದ ಸೀಮೆಯನ್ನು ಮುಂದಿಟ್ಟುಕೊಂಡು ಸ್ವಲ್ಪ ವಿಚಾರಮಾಡೋಣ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಇಲ್ಲಿ ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತಾಡುವ ಭಾಷೆಗಳು. ಕನ್ನಡದಲ್ಲಿ ದೊಂಬರೆನಿಸಿದ ಜನವೇ ತೆಲುಗಿನಲ್ಲಿ ದೊಮ್ಮರರು. ಇವರ ಆಟಕ್ಕೆ ಕಾಲವೆಂದರೆ ಸುಗ್ಗಿಯ ಅನಂತರದ ಕಾಲ. ರಾಗಿಯ ಒಕ್ಕಣೆ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸೂ ಮನಸ್ಸಿನಲ್ಲಿ ಬಿಡುವೂ ಇರುವಾಗಲೇ ಮಹಾಶಿವರಾತ್ರಿ ಬರುವುದು; ನಂದಿಯಲ್ಲಿ ಭೋಗನಂದೀಶ್ವರನ ಉತ್ಸವದೊಡನೆ ದನಗಳ ಜಾತ್ರೆ ನೆರೆಯುವುದು. ಎತ್ತಿನ ಹಲ್ಲೆಣಿಸಿ ಬೆಲೆಕಟ್ಟಲು ಬಂದವರು ಡೋಲಿನ ಸದ್ದು ಕೇಳಿದರೆ ಅತ್ತ ತಿರುಗದಿರುವರೆ? ಜಾತ್ರೆಯಿಲ್ಲದ ದಿನ ಸಂತೆಯಾದರೂ ಉಂಟು, ಸಂತೆಯಿಲ್ಲದ ದಿನ ಊರಮುಂದಿನ ಬಯಲುಂಟು.

ಆಟದ ಸಾಮಗ್ರಿ ಅತ್ಯಲ್ಪ. ನಾಲ್ಕು ಬಿದಿರುಗಳನ್ನು ಎರಡೆರಡಾಗಿ ಕತ್ತರಿಯಂತೆ ನಿಲ್ಲಿಸಿ, ನಡುವೆ ಹಗ್ಗವನ್ನು ಬಿಗಿದು, ಅದರ ಎರಡು ತುದಿಗಳನ್ನೂ ನೆಲದ ಗೂಟಗಳಿಗೆ ಕಟ್ಟಿದರೆ ರಂಗಸ್ಥಳ ಸಿದ್ಧವಾಯಿತು. ಹಗ್ಗ ಆಳೆತ್ತರಕ್ಕಿಂತ ಮೇಲಿರುವುದು. ಕೆಳಗೆ ಬಲೆಯಿಲ್ಲ, ಹುಲ್ಲಿನ ಹಾಸಿಗೆಯೂ ಇಲ್ಲ. ಏರುವವಳು ಹೆಚ್ಚಾಗಿ ಎಳೆಯ ಹುಡುಗಿ. ಮೈ ಹಗುರವಾದಷ್ಟೂ ಹಗ್ಗ ಕಡಮೆ ಜಗ್ಗುವುದರಿಂದ ಈ ಏರ್ಪಾಡು. ಅವಳು ಅಡ್ಡಲಾಗಿ ಹಿಡಿದ ಉದ್ದನೆಯ ಕೋಲನ್ನು ಕೇವಲ ಅಲಂಕಾರವೆಂದು ತಿಳಿಯಬಾರದು. ದೇಹದಿಂದ ದೂರದಲ್ಲಿರುವ ಭಾರವು ಬೇಗನೆ ತಿರುಗಲಾರದು. ಆದಕಾರಣ ಕೋಲು ಕೈಯಲ್ಲಿರುವವಳು ವಾಲಿದರೂ ನಿಧಾನವಾಗಿ ವಾಲುವಳು. ಆ ನಿಧಾನದಲ್ಲಿ ದೊರೆಯುವ ಅರೆಗಳಿಗೆಯೊಳಗೆ ಅವಳು ತನ್ನ ಭಾರವನ್ನು ಮತ್ತೆ ಹಗ್ಗದ ನೇರಕ್ಕೆ ತಂದುಕೊಳ್ಳುವಳು. ಭೌತಶಾಸ್ತ್ರದ ಪಾಠವನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅವಳ ಅಂಗಾಲಿಗೆ ಅದು ಗೊತ್ತು. ಇನ್ನು ಗಣೆಯ ಆಟದಲ್ಲಿ ಗಂಡಸು ಗಣೆಯನ್ನು ಸೊಂಟದ ಮೇಲೆಯೋ ಹೆಗಲಿನ ಮೇಲೆಯೋ ನಿಲ್ಲಿಸಿ, ತುದಿಗೆ ಏರಿದ ಮಗುವಿನ ಒಲೆತಕ್ಕೆ ತಕ್ಕಂತೆ ತಾನು ಕೆಳಗೆ ಹೆಜ್ಜೆ ಬದಲಿಸುವನು. ಮೇಲಿರುವವರ ಪ್ರಾಣವೆಲ್ಲ ಕೆಳಗಿರುವವನ ಕಣ್ಣಿನಲ್ಲಿ.

ಈ ವಿದ್ಯೆಯ ಪ್ರಾಚೀನತೆಗೆ ಸಾಕ್ಷ್ಯವುಂಟು. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ದ ನರ್ತನಾಧ್ಯಾಯದಲ್ಲಿ ‘ಕೋಲ್ಹಾಟಿಕ’ನೆಂಬವನ ಲಕ್ಷಣವನ್ನು ಹೇಳಿದ್ದಾನೆ. ಭಾರವನ್ನು ಹೊರುವುದು, ಹಗ್ಗದ ಮೇಲೆ ನಡೆಯುವುದು, ಚೂರಿ ಹಿಡಿದು ಕುಣಿಯುವುದು, ಇವು ಅವನ ಕುಶಲತೆಗಳು. ಶಾಸ್ತ್ರಕಾರನು ಅವನನ್ನು ನಟನರ್ತಕರ ಸಾಲಿನಲ್ಲಿಯೇ ನಿಲ್ಲಿಸಿರುವುದನ್ನು ಗಮನಿಸಬೇಕು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ರಾಯನ ಮಹೋತ್ಸವದಲ್ಲಿ ತಾನು ಕಂಡ ಆನೆಯ ಆಟವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಎತ್ತರದ ಕಂಬದ ಮೇಲೆ ತಕ್ಕಡಿಯ ದಂಡದಂತೆ ಒಂದು ತೊಲೆ. ಅದರ ಒಂದು ತುದಿಗೆ ಆನೆಯ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ಹಲಗೆಯ ಮೇಲೆ ಆನೆ. ತೊಲೆ ಏರಿ ಇಳಿಯುತ್ತಿರಲು ಆನೆಯು ವಾದ್ಯದ ಲಯಕ್ಕೆ ಸೊಂಡಿಲನ್ನಾಡಿಸುತ್ತಿತ್ತಂತೆ. ಅರಸನು ನೋಡುವಾಗ ಇಂಥದು ರಾಜಭೋಗವೆನಿಸಿತು. ಆ ಹೊತ್ತಿನಲ್ಲಿ ಇದನ್ನು ಕೀಳೆಂದವರು ಇರಲಾರರು.

ಇಂದಿನ ಸರ್ಕಸ್ಸಿನ ವಂಶವು ಬೇರೆ. ೧೭೬೮ರಲ್ಲಿ ಲಂಡನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಕುದುರೆಸವಾರನು ವೃತ್ತಾಕಾರದ ಕಣದಲ್ಲಿ ಕುದುರೆಯನ್ನು ಓಡಿಸುತ್ತ ಅದರ ಬೆನ್ನಿನ ಮೇಲೆ ನಿಂತು ತೋರಿಸತೊಡಗಿದನು. ಸುತ್ತು ಓಡುವ ಕುದುರೆಯ ಮೇಲೆ ಒಳಕ್ಕೆ ವಾಲಿ ನಿಂತರೆ ಸಮತೋಲ ಸುಲಭವೆಂಬುದೇ ಆ ಕಣದ ಗುಟ್ಟು. ೪೨ ಅಡಿ ವ್ಯಾಸದ ಕಣ ಅಲ್ಲಿಂದ ಬಂದ ಅಳತೆ. ನಮ್ಮ ದೇಶಕ್ಕೆ ಇದು ವಿದೇಶೀ ತಂಡಗಳ ಮೂಲಕ ಬಂದಿತು. ಮುಂಬಯಿಯಲ್ಲಿ ಇಟಲಿಯ ಕಿಯಾರಿನಿಯ ಸರ್ಕಸ್ಸನ್ನು ಕಂಡ ವಿಷ್ಣುಪಂತ ಛತ್ರೆಯವರು, ಸ್ವತಃ ಅಶ್ವವಿದ್ಯೆಯಲ್ಲಿ ನಿಪುಣರಾದುದರಿಂದ, ೧೮೮೦ರಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಎಂಬ ತಂಡವನ್ನು ಕಟ್ಟಿದರು. ಬಳಿಕ ಮಲಬಾರಿನ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬ ಗುರುಗಳು ಅಂಗಸಾಧನೆಯ ಶಾಲೆಯನ್ನು ನಡೆಸಿ, ಅನೇಕ ಬಡಮಕ್ಕಳನ್ನು ತರಬೇತುಗೊಳಿಸಿದರು. ಆ ಊರಿನ ಕಣ್ಣನ್ ಬೊಂಬಾಯೊ ಎಂಬಾತನು ೧೯೩೦ರ ದಶಕದಲ್ಲಿ ಹಗ್ಗದ ಮೇಲಿನ ಆಟದಿಂದಲೇ ಸಮುದ್ರದಾಚೆಯ ದೇಶಗಳಲ್ಲಿ ಹೆಸರಾದನು. ಹಗ್ಗದ ಮೇಲಿನ ಆಟದಿಂದಲೇ ಎಂಬ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು.

ಇದೇ ಕಾಲದಲ್ಲಿ ನಮ್ಮ ಸೀಮೆಗೂ ರೈಲು ಬಂದಿತು. ಗೌರಿಬಿದನೂರು ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ಮಾರ್ಗದಲ್ಲಿ ಸಿಕ್ಕಿತು. ೧೯೧೫ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ತೆರೆಯಿತು. ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರದ ಕಡೆಯಿಂದ ಬಂದ ಅಂಥದೇ ಹಳಿಯ ಮೇಲೆ ಕುಳಿತುವು. ರೇಷ್ಮೆಗೂಡಿಗೂ ಕಡಲೆಕಾಯಿಗೂ ಪೇಟೆ ಬೆಳೆಯಿತು. ಪೇಟೆಯಲ್ಲಿ ಚಿಲ್ಲರೆ ಓಡಾಡುವಾಗ ಡೇರೆಯವರು ಬಾರದಿರುವುದಿಲ್ಲ; ಅವರು ಸರ್ಕಸ್ಸಿನವರಾಗಿರಬಹುದು, ನಾಟಕದವರಾಗಿರಬಹುದು.

ಈ ಎರಡು ಡೇರೆಗಳಿಗೆ ಅಂತರವೂ ಅಷ್ಟಾಗಿ ಇರಲಿಲ್ಲ. ಕಡಪಾ ಸೀಮೆಯಲ್ಲಿ ೧೮೮೫ರಲ್ಲಿ ಹುಟ್ಟಿದ ಸುರಭಿ ನಾಟಕಮಂಡಲಿಯವರು ಮಾಯಾಬಜಾರದಂಥ ಆಟಗಳಲ್ಲಿ ಪಾತ್ರಗಳನ್ನು ತಂತಿಯ ಬಲದಿಂದ ಆಕಾಶದಲ್ಲಿ ಹಾರಿಸಿದರು. ನಮ್ಮ ಗುಬ್ಬಿ ವೀರಣ್ಣನವರು ೧೯೩೦ರ ದಶಕದ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆಕುದುರೆಗಳನ್ನು ರಂಗಕ್ಕೆ ಇಳಿಸಿದರು. ಸರ್ಕಸ್ಸಿನವರು ಪ್ರತಿಯಾಗಿ ನಾಟಕದಿಂದ ವಾದ್ಯಮೇಳವನ್ನೂ ಮಿನುಗುವ ವೇಷವನ್ನೂ ವಿದೂಷಕನನ್ನೂ ಪಡೆದರು. ನಮ್ಮ ಅಭಿಪ್ರಾಯದಲ್ಲಿ ಸರ್ಕಸ್ಸಿನ ವಿದೂಷಕನೇ ಎಲ್ಲರಿಗಿಂತ ಕಷ್ಟದ ಕೆಲಸಗಾರ: ಬೀಳುವಂತೆ ನಟಿಸುವುದಕ್ಕೆ ಬೀಳದಿರುವ ವಿದ್ಯೆ ಪೂರ್ತಿಯಾಗಿ ಬಂದಿರಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಡೇರೆಯೊಳಗಿನ ಜೋಕಾಲಿಗೂ ಬಯಲಿನ ಹಗ್ಗಕ್ಕೂ ಮುಖ್ಯ ವ್ಯತ್ಯಾಸ ಎತ್ತರದಲ್ಲಿಲ್ಲ, ಹಣ ಕೊಡುವ ಹೊತ್ತಿನಲ್ಲಿದೆ. ಡೇರೆಯಲ್ಲಿ ಟಿಕೀಟಿನ ಹಣ ಮೊದಲು, ಆಟ ಆಮೇಲೆ. ಹಣ ಕೊಟ್ಟವನು ತನ್ನ ಹಣ ವ್ಯರ್ಥವಾಗಲಿಲ್ಲವೆಂದು ತೋರಿಸಿಕೊಳ್ಳುವುದಕ್ಕಾದರೂ ಚಪ್ಪಾಳೆ ತಟ್ಟುವನು. ಬಯಲಿನಲ್ಲಿ ಆಟ ಮೊದಲು. ಹುಡುಗಿ ಹಗ್ಗದ ನಟ್ಟನಡುವೆ ಇರುವಾಗ ಡೋಲು ನಿಲ್ಲುವುದು, ತಾಯಿ ತಟ್ಟೆ ಹಿಡಿದು ಬರುವಳು. ಅಷ್ಟರಲ್ಲಿ ಹೊರಸುತ್ತಿನಲ್ಲಿ ನಿಂತವರಿಗೆ ಮನೆಯ ಕೆಲಸ ನೆನಪಾಗುವುದು. ಕಂಡ ಆಟವೇನೋ ಕಂಡದ್ದಾಯಿತು, ಕೊಟ್ಟರೆ ಅದು ಭಿಕ್ಷೆ. ಕೂಲಿಯಾಗಬೇಕಾದುದು ಭಿಕ್ಷೆಯಾದ ಮೇಲೆ ಬೇಡುವವನ ವಿದ್ಯೆಗೆ ಬೆಲೆ ಬರುವುದಾದರೂ ಹೇಗೆ?

ಇದರ ಮೇಲೆ ಕಾನೂನಿನ ಬರೆಯೂ ಬಿದ್ದಿತು. ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡುವ ಶಾಸನವೊಂದನ್ನು ಬ್ರಿಟಿಷರು ೧೮೭೧ರಲ್ಲಿ ತಂದರು; ೧೯೧೧ರ ತಿದ್ದುಪಡಿಯಿಂದ ಅದು ಮದರಾಸ್ ಪ್ರಾಂತಕ್ಕೂ ವಿಸ್ತರಿಸಿತು, ಅಲ್ಲಿ ದೊಮ್ಮರರೂ ಪಟ್ಟಿಗೆ ಸೇರಿದರು. ಆ ಪ್ರಾಂತದ ಗಡಿ ಗೌರಿಬಿದನೂರಿಗೂ ಚಿಂತಾಮಣಿಗೂ ಮಗ್ಗುಲಲ್ಲೇ ಇದ್ದಿತು. ಸರ್ಕಸ್ಸಿನವರೂ ಊರೂರು ತಿರುಗುವವರೇ. ಆದರೆ ಅವರು ಅಚ್ಚುಮಾಡಿಸಿದ ಜಾಹೀರಾತಿನೊಡನೆ ರೈಲಿನಲ್ಲಿ ಬಂದರು, ಇವರು ಕತ್ತೆಯ ಮೇಲೆ ಬಿದಿರು ಹೇರಿ ಬಂದರು. ಹಾಗೆ ಬಂದವರು ಠಾಣೆಯಲ್ಲಿ ಹೆಸರು ಕೊಡಬೇಕಾಯಿತು. ಆ ಶಾಸನ ರದ್ದಾದುದು ೧೯೫೨ರಲ್ಲಿ.

ಡೇರೆಯ ವೈಭವವೂ ಬಹುಕಾಲ ಉಳಿಯಲಿಲ್ಲ. ೧೯೯೮ರ ಆಜ್ಞೆಯಿಂದ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳ ಪ್ರದರ್ಶನ ನಿಂತಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿತು. ಮಗು ಹಗ್ಗದ ಮೇಲಿರದೆ ಪಾಠಶಾಲೆಯಲ್ಲಿರಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೂ ಎಳವೆಯಲ್ಲಿ ಮೈಗೆ ಹತ್ತದಿದ್ದರೆ ಬಾರದ ಈ ವಿದ್ಯೆಯನ್ನು ಆ ಮಗುವಿಗೆ ಪಾಠದ ಬಿಡುವಿನಲ್ಲಿ, ಬಲೆಯ ಮೇಲೆ, ಗೌರವದಿಂದ ಕಲಿಸಲು ಸಾಧ್ಯವೇ ಎಂದು ಕೇಳಿದವರು ವಿರಳ.

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ದೊಂಬರ ಹೆಸರುಂಟು. ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಾಗಲಿ ಚಿಂತಾಮಣಿಯಲ್ಲಾಗಲಿ, ವಿದ್ಯಾರ್ಥಿವೇತನಕ್ಕಾಗಿ ಪ್ರಮಾಣಪತ್ರ ಬೇಡುವ ಹುಡುಗನು ಆ ಹೆಸರನ್ನು ತನ್ನ ಕೈಯಿಂದಲೇ ಅರ್ಜಿಯಲ್ಲಿ ಬರೆಯಬೇಕು. ಸರದಿಯಲ್ಲಿ ನಿಂತು ಕಾಯುವಾಗ ಪಕ್ಕದವರ ಕೈಯ ದಿನಪತ್ರಿಕೆಯಲ್ಲಿ ಅದೇ ಹೆಸರು, ಶಾಸನಸಭೆಯ ಯಾವುದೋ ಪಕ್ಷಾಂತರದ ಸುದ್ದಿಗೆ ದಪ್ಪಕ್ಷರದ ತಲೆಬರೆಹವಾಗಿ, ಅವನ ಕಣ್ಣಿಗೆ ಬೀಳುವುದುಂಟು.